ಹಣೆಯ ಮೇಲೆ ಕಿವಿ ಹಿಂದಿನ ತೊಗಲು

ನನ್ನ ಬಲಹುಬ್ಬು ಮುಗಿಯುವ ಜಾಗದಲ್ಲಿ ಒಂದು ನಾಣ್ಯದಷ್ಟು ತೊಗಲು ಉಳಿದ ಮುಖದ ಬಣ್ಣಕ್ಕೆ ಹೊಂದುವುದಿಲ್ಲ. ಅದು ಅಲ್ಲಿಯದಲ್ಲ, ಕಿವಿಯ ಹಿಂದಿನಿಂದ ತಂದು ಹೊಲಿದದ್ದು. ಮದುವೆ ಮನೆಯಲ್ಲಿ ಮಂದಿ ನನ್ನ ಜೊತೆ ಮಾತಾಡುವಾಗ ಅವರ ಕಣ್ಣು ಆ ತೇಪೆಯ ಮೇಲೆ ಕೂತು, ಎದ್ದು, ಮತ್ತೆ ಅಲ್ಲೇ ಬಂದು ಕೂಡುತ್ತದೆ, ಬೆಲ್ಲದ ಮೇಲಿನ ನೊಣದ ಹಾಗೆ. ಬಾಯಿಬಿಟ್ಟು ಕೇಳುವವರು ಕಡಿಮೆ. ಕೇಳಿದರೆ ನಾನು ಹೇಳುತ್ತೇನೆ. ಕೇಳದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ರೋಗದ ಶಾಸ್ತ್ರ ನನ್ನನ್ನು ಕೇಳಬೇಡಿ. ಆದದ್ದನ್ನು ಹೇಳಬಲ್ಲೆ.

ನಮ್ಮದು ಅಫಜಲಪುರ ತಾಲೂಕಿನ ಅತನೂರ. ಲಿಂಗಪೂಜೆಯ ಮನೆತನ. ಬೆಳಿಗ್ಗೆ ಜಳಕವಾದ ಮೇಲೆ ವಿಭೂತಿಯ ಗಟ್ಟಿಯನ್ನು ಅಂಗೈಯ ನೀರಿನಲ್ಲಿ ತಿಕ್ಕಿ, ಮೂರು ಬೆರಳಿನಿಂದ ಹಣೆಯ ಈ ತುದಿಯಿಂದ ಆ ತುದಿಗೆ ಎಳೆಯುವುದು. ಕನ್ನಡಿ ಬೇಕಾಗಿಲ್ಲ. ಮದುವೆಯಾಗಿ ಬಂದಾಗಿನಿಂದ ಕನ್ನಡಿ ಇಲ್ಲದೆಯೇ ಹಚ್ಚಿಕೊಂಡವಳು. ಒಂದು ಬೇಸಿಗೆಯಲ್ಲಿ ಬಲತುದಿಗೆ ಬಂದಾಗ ನನ್ನ ನಡುವಿನ ಬೆರಳು ಏನನ್ನೋ ಎಡವಿತು. ಎಳ್ಳಿನಷ್ಟು. ಆಮೇಲೆ ಜೋಳದ ಕಾಳಿನಷ್ಟಾಯಿತು. ಆಮೇಲೆ ತೊಗರಿ ಬೇಳೆಯ ಹಾಗೆ ಚಪ್ಪಟೆಯಾಯಿತು, ನಡುವೆ ಒಂದು ತಗ್ಗು. ಬೆರಳಿಗೆ ಎಲ್ಲ ಗೊತ್ತಿತ್ತು, ಕಣ್ಣಿಗೆ ಗೊತ್ತಿರಲಿಲ್ಲ.

ಆಗಾಗ ಅದು ಒದ್ದೆಯಾಗುತ್ತಿತ್ತು. ಟವೆಲ್ಲಿಗೆ ಒಂದು ಚುಕ್ಕೆ ರಕ್ತ. ನಾನು ಅದರ ಮೇಲೆ ವಿಭೂತಿ ಒತ್ತುತ್ತಿದ್ದೆ. ವಿಭೂತಿ ನೀರು ಹೀರುತ್ತದೆ, ಒಣಗಿಸುತ್ತದೆ. ಮಗುವಿನ ಹೊಕ್ಕುಳಿಗೂ ಅದೇ, ಎತ್ತಿನ ಹೆಗಲ ಗಾಯಕ್ಕೂ ಅದೇ ನಮ್ಮಲ್ಲಿ. ಒಣಗಿ ಹೊಪ್ಪಳಿಕೆ ಕಟ್ಟುತ್ತಿತ್ತು. ಹೊಪ್ಪಳಿಕೆ ಉದುರುತ್ತಿತ್ತು. ಮತ್ತೆ ಒದ್ದೆ. ನೋವಿಲ್ಲ, ತುರಿಕೆಯಿಲ್ಲ. ನೋಯದ ಹುಣ್ಣಿನ ಮೇಲೆ ಯಾರಿಗೆ ಸಿಟ್ಟು ಬರುತ್ತದೆ? ಆ ನಡುವೆ ಮೊಣಕಾಲಿಗೆಂದು, ಕೆಮ್ಮಿಗೆಂದು ಡಾಕ್ಟರ ಮುಂದೆ ಎಷ್ಟೋ ಸಲ ಕೂತಿದ್ದೇನೆ. ಅವರು ನನ್ನ ನಾಲಿಗೆ ನೋಡಿದರು, ಎದೆ ಕೇಳಿದರು. ಹಣೆ ನೋಡಲಿಲ್ಲ. ಮುದುಕಿಗೆ ವಿಭೂತಿ ಒರಸಿಕೋ ಎಂದು ಹೇಳುವ ಧೈರ್ಯ ನಮ್ಮ ಸೀಮೆಯಲ್ಲಿ ಯಾರಿಗಿದೆ?

ಆ ಧೈರ್ಯ ಬಂದದ್ದು ಒಂದು ಮಷೀನಿಗೆ.

ಪಿಂಚಣಿಯ ಸಲುವಾಗಿ ಪಂಚಾಯಿತಿಗೆ ಹೋಗಿದ್ದೆ. ಜೊತೆಗೆ ಸೊಸೆ ಸುವರ್ಣಾ ಇದ್ದಳು. ರೊಟ್ಟಿ ತಟ್ಟಿ ತಟ್ಟಿ ನನ್ನ ಹೆಬ್ಬೆಟ್ಟಿನ ಗೆರೆ ಅಳಿಸಿಹೋಗಿವೆ, ಒತ್ತಿದರೆ ಮೂಡುವುದಿಲ್ಲ. ಹಾಗಾಗಿ ಈಗ ಮುಖ ತೋರಿಸಬೇಕು. ಕಂಪ್ಯೂಟರಿನ ಮುಂದೆ ಕೂತಿದ್ದ ರೇಣುಕಾ, ನಮ್ಮೂರ ಸೊಸೆಯೇ, ಮೊಬೈಲು ಹಿಡಿದು ನನ್ನನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು, ಇತ್ತ ತಿರುಗಿಸಿದಳು.

"ಅಮ್ಮಾ, ಮಷೀನು ನಿಮ್ಮನ್ನ ಗುರ್ತಾ ಹಿಡೀವಲ್ದು. ಈಬತ್ತಿ ಭಾಳ ಹಚ್ಚೀರಿ. ಸ್ವಲ್ಪ ಒರಸ್ಕೋರಿ."

"ಊರೆಲ್ಲಾ ನನ್ನ ಗುರ್ತಾ ಹಿಡೀತದ. ನಿನ್ನ ಮಷೀನಿಗೇನ ಧಾಡಿ?"

"ಊರು ರೊಕ್ಕಾ ಕೊಡಂಗಿಲ್ಲಲ್ರಿ, ಮಷೀನು ಕೊಡ್ತದ."

ಮಾತು ಖರೆ. ಸೆರಗಿನಿಂದ ಹಣೆ ಒರಸಿಕೊಂಡೆ. ಹೊಪ್ಪಳಿಕೆ ಸೆರಗಿಗೆ ಬಂತು, ಹಿಂದೆಯೇ ರಕ್ತ ಕೆನ್ನೆಗೆ ಇಳಿಯಿತು. ರೇಣುಕಾ ಮೊಬೈಲನ್ನು ನನ್ನ ಕಡೆ ಹಿಡಿದೇ ಇದ್ದಳು. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಹಗಲಿನ ಬೆಳಕಿನಲ್ಲಿ, ವಿಭೂತಿ ಇಲ್ಲದ ನನ್ನ ಹಣೆಯನ್ನು ಎಷ್ಟೋ ವರ್ಷದ ಮೇಲೆ ನಾನು ಕಂಡೆ. ಹುಬ್ಬಿನ ತುದಿಗೆ ಒಂದು ಗೂಡು. ಅಂಚು ಮುತ್ತಿನ ಹಾಗೆ ಹೊಳೆಯುತ್ತದೆ, ನಡುವೆ ಕೆಂಪು ಕೆಸರು. ಹೆದರಿಕೆ ಆಗಲಿಲ್ಲ. 'ಓಹೋ, ನೀನು ಹೀಗಿದ್ದೀಯಾ' ಅನ್ನಿಸಿತು. ಬೆರಳಿಗೆ ಗೊತ್ತಿದ್ದವನನ್ನು ಮೊದಲ ಸಲ ಕಣ್ಣಾರೆ ಕಂಡ ಹಾಗೆ.

ಮಷೀನು ಆವಾಗ ಟಿಣ್ಣೆಂದಿತು. ನನ್ನ ಗುರುತು ಸಿಕ್ಕಿತ್ತು.

ಮನೆಗೆ ಬಂದರೆ ನಮ್ಮವರು ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ಸುವರ್ಣಾ ಹೇಳಿದ್ದನ್ನು ಕೇಳಿ, ಹೊಸೆಯುವುದನ್ನು ನಿಲ್ಲಿಸದೆ, "ಹಣಿ ಮ್ಯಾಗ ಗುಳ್ಳಿ ಆದ್ರ ಕಲಬುರ್ಗಿಗಿ ಹೋಗ್ತಾರೇನು?" ಅಂದರು.

ನನ್ನ ನೆಗೆಣ್ಣಿ ಕಮಲಾ, ಮೈದುನನ ಹೆಂಡತಿ, ಬಾಜೂ ಮನೆಯವಳು, ಗೋಡೆಯ ಮೇಲಿಂದ ಕತ್ತು ಚಾಚಿದಳು. "ಯಾರದೋ ದೃಷ್ಟಿ ಅಕ್ಕಾ. ಈಬತ್ತಿ ಒರಸಬಾರದಿತ್ತು ನೋಡು, ಬರೇ ಹಣಿ ಮಾಡಿಕೊಂಡು ಊರಾಗ ನಡದು ಬಂದಿ."

"ದೃಷ್ಟಿ ಅಂದ್ರ ಮೊದಲು ಯಾರರೇ ನೋಡಿರಬೇಕಲ್ಲ ಕಮಲಾ. ನಾನೇ ಇವತ್ತು ನೋಡೀನಿ."

 ಸುವರ್ಣಾ ಮರುದಿನದ ಮೊದಲ ಬಸ್ಸಿಗೆ ರೊಟ್ಟಿ ಕಟ್ಟಿದಳು. ಈ ಸೊಸೆ ಜಾಸ್ತಿ ಮಾತಾಡುವವಳಲ್ಲ. ರೊಟ್ಟಿ ಕಟ್ಟಿದಳೆಂದರೆ ತೀರ್ಮಾನವಾಯಿತು ಎಂದೇ ಅರ್ಥ.

ದವಾಖಾನೆಯ ಪಡಸಾಲೆಯಲ್ಲಿ ಕಾಯುವ ಮಂದಿಯನ್ನು ನೋಡುತ್ತ ಕೂಡುವುದು ನನಗೆ ಬೇಜಾರಿನ ಕೆಲಸವಲ್ಲ. ಯಾರ ಕೈಗೆ ಏನು, ಯಾರ ಕಾಲಿಗೆ ಏನು ಎಂದು ನೋಡಿದೆ. ಚರ್ಮದ ಡಾಕ್ಟರ ಬಾಗಿಲಲ್ಲಿ ಒಂದು ಒಳ್ಳೆಯದಿದೆ, ಕಾಯಿಲೆ ಹೊರಗೇ ಕಾಣುತ್ತದೆ, ಊಹಿಸಬೇಕಾಗಿಲ್ಲ. ನನ್ನ ಬಾಜೂ ಕೂತವಳು ಆಳಂದ ತಾಲೂಕಿನ ಹಿರೋಳ್ಳಿಯವಳು, ಸಖೂಬಾಯಿ. ಗಡಿಯ ಕಡೆಯವಳು, ಕನ್ನಡದ ತುಂಬ ಮರಾಠಿ. ಅವಳ ಮೂಗಿನ ಎಡಭಾಗ ಸ್ವಲ್ಪ ಸಣ್ಣ, ಬಲಭಾಗ ಸ್ವಲ್ಪ ದೊಡ್ಡ. ನಾನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಕೇಳ್ರಿ ಬಾಯಿ, ಕೇಳ್ರಿ. ಮಂದಿ ಕದ್ದು ನೋಡ್ತಾರ, ನೀವು ಸೀದಾ ನೋಡಾಕತ್ತೀರಿ."

"ಮೂಗಿಗೇನಾತು?"

"ಕ್ಯಾನ್ಸರ್. ಕೊರದು ತಗದಾರ. ಮೂಗುಬೊಟ್ಟು ಎಡಕ್ಕಿತ್ತು, ಈಗ ಈ ಕಡಿಗಿ ಚುಚ್ಚಿಸಿಕೊಂಡೀನಿ." ಬಲಗಡೆಯ ಹರಳು ತೋರಿಸಿದಳು. "ನಮ್ಮ ಮನೆಯವರು ಅಂತಾರ, ಹೊಸಾ ಹೆಣತಿ ಬಂದಂಗ ಆಗ್ಯಾದ ಅಂತ."

ಕ್ಯಾನ್ಸರ್ ಎಂಬ ಪದವನ್ನು ಅವಳು ಉಪ್ಪಿನಕಾಯಿ ಅಂದಷ್ಟೇ ಸಲೀಸಾಗಿ ಅಂದುಬಿಟ್ಟಳು. ನಮ್ಮಲ್ಲಿ ಅದನ್ನು ಅನ್ನುವುದಿಲ್ಲ, 'ಆ ಬ್ಯಾನಿ' ಅನ್ನುತ್ತಾರೆ. ಅಂದವಳು ನನ್ನ ಮುಂದೆ ಕೂತು ಶೇಂಗಾ ಚಟ್ನಿ ಹಚ್ಚಿ ರೊಟ್ಟಿ ತಿನ್ನುತ್ತಿದ್ದಳು. ನನಗೂ ಅರ್ಧ ಮುರಿದು ಕೊಟ್ಟಳು. ಮುಂದೆ ಡಾಕ್ಟರು ಏನೇ ಹೇಳಿದರೂ, ನಾನು ಅದನ್ನು ಆ ಅರ್ಧ ರೊಟ್ಟಿಯ ಬಲದ ಮೇಲೆ ಕೇಳಿದೆ. ಇದಕ್ಕಿಂತ ದೊಡ್ಡ ಔಷಧ ನನಗೆ ಆ ಪಡಸಾಲೆಯಲ್ಲಿ ಸಿಗಲಿಲ್ಲ.

ಚರ್ಮದ ಡಾಕ್ಟರು ಒದ್ದೆ ಹತ್ತಿಯಿಂದ ನನ್ನ ಹಣೆ ಒರಸಿದರು. ದೀಪವಿರುವ ಒಂದು ಭೂತಗನ್ನಡಿಯನ್ನು ಅದರ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಎಷ್ಟು ವರ್ಷ ಆತ್ರಿ?"

"ನನ್ನ ಬೆರಳು ಹೇಳ್ತದ, ಎರಡು ಮೂರು ಬ್ಯಾಸಿಗಿ ಅಂತ."

ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಮುಂದಿನ ಸಲ ಹೋದಾಗ ಅವರು ಸುವರ್ಣಾಳನ್ನು ಮಾತ್ರ ಒಳಗೆ ಕರೆದು, ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿ ಹೇಳುತ್ತಿದ್ದರು. ನಾನು ಬಾಗಿಲು ದೂಡಿದೆ.

"ಹಣಿ ನಂದು. ನನ್ನ ಮುಂದ ಮಾತಾಡ್ರಿ."

ಡಾಕ್ಟರು ಖುರ್ಚಿ ತೋರಿಸಿದರು. "ಕೂಡ್ರಿ. ಚರ್ಮದ ಕ್ಯಾನ್ಸರ್ ಅದರಿ."

"ತೊಗಲಿಗೂ ಬರ್ತದ?"

ನನಗೆ ನಿಜವಾಗಿ ಗೊತ್ತಿರಲಿಲ್ಲ. ಗುಟಕಾ ತಿಂದವರ ಬಾಯಿಗೆ ಬಂದದ್ದು ಕೇಳಿದ್ದೆ. ಹೆಂಗಸರ ಎದೆಗೆ, ಗರ್ಭಕ್ಕೆ ಬಂದದ್ದು ಕೇಳಿದ್ದೆ. ಸಖೂಬಾಯಿಯದು ಮೂಗಿಗೆ ಬಂದದ್ದು ಅಂದುಕೊಂಡಿದ್ದೆ, ತೊಗಲಿಗೆ ಅಂತಲ್ಲ. ತೊಗಲು ಅಂದರೆ ಹೊರಗಿನ ಚೀಲ. ಚೀಲಕ್ಕೂ ಅದು ಬರುತ್ತದೆಂದು ಯಾರೂ ಹೇಳಿರಲಿಲ್ಲ. ಯಾತಕ್ಕೆ ಬಂತು ಎಂದು ಕೇಳಿದೆ. ಬಿಸಿಲಿನಿಂದ ಇರಬಹುದು, ವರ್ಷಗಟ್ಟಲೆ ಬಿದ್ದ ಬಿಸಿಲು ಅಂದರು.

"ಬಿಸಿಲು ನನ್ನ ಒಬ್ಬಾಕಿ ಮ್ಯಾಗ ಬಿದ್ದದೇನ್ರಿ? ಇಡೀ ಅತನೂರಿನ ಮ್ಯಾಗ ಬಿದ್ದದ. ಅದೂ ಕರೇ ಮೈಯವರಿಗಿ?"

"ಕರೇ ಮೈಯವರಿಗೆ ಕಡಿಮಿ ಬರ್ತದ್ರಿ. ಬರಂಗಿಲ್ಲ ಅಂತಲ್ಲ. ನಿಮಗೇ ಯಾಕ ಬಂತು ಅಂದ್ರ, ಅದು ನನಗೂ ಪೂರಾ ಗೊತ್ತಿಲ್ಲ."

ಗೊತ್ತಿಲ್ಲ ಅಂದ ಡಾಕ್ಟರನ್ನು ನಾನು ಅವತ್ತೇ ಮೊದಲು ಕಂಡದ್ದು. ಆ ಮನುಷ್ಯನ ಮೇಲೆ ನಂಬಿಕೆ ಬಂತು. ಇದು ಸಾಮಾನ್ಯವಾಗಿ ಮೈಯ ಬೇರೆ ಕಡೆ ಹಾರುವ ಜಾತಿಯದಲ್ಲ, ಇದ್ದಲ್ಲೇ ಬೇರು ಬಿಡುತ್ತದೆ, ಆದರೆ ನಿಮ್ಮದರ ಬೇರು ಕಣ್ಣಿನ ಕಡೆ ನಡೆದಿದೆ ಅಂದರು. ತಡ ಮಾಡಿದರೆ ಕಣ್ಣು ಉಳಿಸುವುದು ಕಷ್ಟ.

ಬೇರು ಅಂದದ್ದು ನನಗೆ ಚೆನ್ನಾಗಿ ತಿಳಿಯಿತು. ನಮ್ಮ ಕರಿನೆಲದಲ್ಲಿ ಕರಕಿ ಹುಲ್ಲು ಹಾಗೆಯೇ. ಮೇಲೆ ನೋಡಿದರೆ ಬೆರಳಷ್ಟು ಹಸಿರು, ಅಗೆದರೆ ಕೆಳಗೆ ಬದುವಿನವರೆಗೆ ಹಬ್ಬಿರುತ್ತದೆ. ಕೈಯಿಂದ ಕಿತ್ತರೆ ಹೋಗುವುದಿಲ್ಲ. ಒಂದು ಗೆಣ್ಣು ಉಳಿದರೆ ಮುಂದಿನ ಮಳೆಗೆ ಮತ್ತೆ ತಲೆ ಎತ್ತುತ್ತದೆ.

ಜೀವದ ಭಯ ನನಗೆ ಆಗಲಿಲ್ಲ ಅಂದರೆ ಕೆಲವರು ನಂಬುವುದಿಲ್ಲ. ಕಣ್ಣಿನ ಭಯ ಆಯಿತು. ನಾನು ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡು ಜೋಡಿಸಿ ಅಂಚಿನಿಂದ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ನನ್ನದು. ಈ ಊರಿನಲ್ಲಿ ಹುಟ್ಟಿದ ಎಷ್ಟೋ ಕೂಸುಗಳು ನನ್ನ ಕೌದಿಯ ಮೇಲೆ ಮಲಗಿ ಒದ್ದೆ ಮಾಡಿವೆ. ಕಣ್ಣು ಒಂದೇ ಉಳಿದರೆ ಏನಾಗುತ್ತದೆಂದು ನೋಡಬೇಕೆನ್ನಿಸಿತು. ಒಂದು ಮಧ್ಯಾಹ್ನ ಬಲಗಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೂಜಿಗೆ ದಾರ ಪೋಣಿಸಲು ಕೂತೆ. ವಿಚಿತ್ರ! ಸೂಜಿ ಕಾಣುತ್ತದೆ, ದಾರ ಕಾಣುತ್ತದೆ, ಎರಡೂ ಒಂದೇ ಕಡೆ ಇದ್ದ ಹಾಗೆ ಕಾಣುತ್ತದೆ. ಆದರೆ ದಾರ ಸೂಜಿಯ ಹಿಂದಿನಿಂದ ಹೋಗಿಬಿಡುತ್ತದೆ. ಮತ್ತೆ ಮಾಡಿದರೆ ಮುಂದಿನಿಂದ. ದೂರ ಹತ್ತಿರ ಅನ್ನುವುದು ಎರಡೂ ಕಣ್ಣು ಕೂಡಿ ಮಾಡುವ ಕೆಲಸ ಎಂದು ಅವತ್ತು ತಿಳಿಯಿತು.

ನಮ್ಮವರು ಯಾವಾಗ ಬಂದು ಹಿಂದೆ ನಿಂತರೋ.

"ಏನು ನಡಸೀದಿ? ಕಣ್ಣಾಮುಚ್ಚಾಲಿ ಆಡಾಕತ್ತಿ?"

"ಅಭ್ಯಾಸ ಮಾಡಾಕತ್ತೇನ್ರಿ. ಕಣ್ಣು ಹ್ವಾದ್ರ ಹ್ಯಾಂಗ ಅಂತ."

 ಅವರು ಕೆಳಗೆ ಕೂತು ನನ್ನ ಕೈಯಿಂದ ಸೂಜಿ ಕಸಿದುಕೊಂಡು, ದಾರದ ತುದಿ ಎಂಜಲು ಮಾಡಿ, ಕಣ್ಣು ಕಿರಿದು ಮಾಡಿ ಪೋಣಿಸಲು ಹೊರಟರು. ಆ ಮನುಷ್ಯ ಜೀವಮಾನದಲ್ಲಿ ಸೂಜಿ ಹಿಡಿದವರಲ್ಲ.  ಪೋಣಿಸಲಾಗಲಿಲ್ಲ.

"ನಿಮಗ ಎರಡು ಕಣ್ಣ ಅದಾವ, ನಿಮಗೂ ಆಗವಲ್ದು."

"ನಿನ್ನ ಕಣ್ಣು ಹ್ವಾದ್ರ ನನ್ನ ಮಾರಿ ಯಾರು ನೋಡಬೇಕು?"

"ನಿಮ್ಮ ಮಾರಿಗಿ ಒಂದ ಕಣ್ಣ ಸಾಕಾಗ್ತದ ಬಿಡ್ರಿ."

ನಕ್ಕರು. ನಕ್ಕು, ಎದ್ದು ಹೊರಗೆ ಹೋಗಿ ಎತ್ತಿಗೆ ಬೈಯತೊಡಗಿದರು. ಎತ್ತು ಏನೂ ಮಾಡಿರಲಿಲ್ಲ.

ಮೊದಲ ಆಪರೇಷನ್ನಿಗೆ ಬಸ್ಸಿನಲ್ಲಿ ಹೋಗುವಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಬಿಸಿಲು ನನ್ನ ಹಣೆಗೆ ಹೇಗೆ ಬಂತು? ಮೈಗೆ ಬಂದಿಲ್ಲ. ಹೊಲದಲ್ಲಿ ನಾವು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಹಳೆಯ ಅಂಗಿ ಹಾಕುತ್ತೇವೆ, ಜೋಳದ ರವುದಿ, ಆ ಗರಗಸದಂಥ ಎಲೆ, ತಾಗಬಾರದೆಂದು. ಗಂಡಸರ ತಲೆಗೆ ರುಮಾಲು ಇರುತ್ತದೆ, ಹಣೆಯ ತನಕ ನೆರಳು. ನಮಗೆ ಸೆರಗಿದೆಯಲ್ಲ?

ಇದೆ. ನನ್ನ ಅತ್ತೆ ಸೆರಗಿನ ವಿಷಯದಲ್ಲಿ ಬೆಂಕಿ. ಮಾವನ ಮುಂದೆ, ಭಾವನ ಮುಂದೆ, ಹಿರಿಯರು ಯಾರೇ ಕಟ್ಟೆಯ ಮೇಲಿದ್ದರೂ ಸೆರಗು ಹುಬ್ಬಿನ ತನಕ ಬರಬೇಕು. ಹಾಗೇ ಹೊದ್ದೆವು. ಮಣ್ಣಿನ ಮನೆ, ಕಿಟಕಿಯಿಲ್ಲದ ಅಡುಗೆಮನೆ, ಹಗಲಿನಲ್ಲೂ ದೀಪ ಬೇಕು. ಅಂಥ ಕತ್ತಲೆಯಲ್ಲಿ ಹುಬ್ಬಿನ ತನಕ ಸೆರಗು. ಹೊಲಕ್ಕೆ ಹೋದ ಕೂಡಲೆ, ಅಲ್ಲಿ ನಾವು ನಾವೇ ಹೆಂಗಸರು, ಹಿರಿಯರು ಯಾರೂ ಇಲ್ಲ, ಸೆರಗು ತೆಗೆದು ಸೊಂಟಕ್ಕೆ ಸಿಗಿಸುತ್ತಿದ್ದೆವು. ಅಬ್ಬಾ ಅನ್ನಿಸುತ್ತಿತ್ತು, ತಲೆಗೆ ಗಾಳಿ ಆಡುತ್ತಿತ್ತು. ಸೂರ್ಯ ನೆತ್ತಿಗೆ ಬರುವ ತನಕ ಬಗ್ಗಿ ಕಸ ತೆಗೆಯುವುದು, ಬಲಕ್ಕೆ ತಿರುಗಿ ಸಾಲು ಹಿಡಿಯುವುದು. ದೂರದಲ್ಲಿ ಮಾವ ಬರುವುದು ಕಂಡರೆ ಒಬ್ಬಳು ಕೆಮ್ಮುತ್ತಿದ್ದಳು, ಎಲ್ಲರ ಸೆರಗೂ ತಲೆಗೆ ಏರುತ್ತಿತ್ತು. ಅವರು ಹೋದರೆ ಮತ್ತೆ ಇಳಿಯುತ್ತಿತ್ತು.

ಅಂದರೆ ಏನಾಯಿತು? ನೆರಳಿನಲ್ಲಿ ಹೊದ್ದೆವು, ಬಿಸಿಲಿನಲ್ಲಿ ತೆಗೆದೆವು. ಮಂದಿಗೆ ಹೊದ್ದೆವು, ಬಿಸಿಲಿಗೆ ಹೊದೆಯಲಿಲ್ಲ. ಇಷ್ಟು ವರ್ಷ ಇದು ಒಬ್ಬಳ ತಲೆಗೂ ಬರಲಿಲ್ಲವಲ್ಲ! ನಾನು ಬಸ್ಸಿನಲ್ಲಿ ಒಬ್ಬಳೇ ನಗತೊಡಗಿದೆ. ಸುವರ್ಣಾ ನನ್ನ ಕೈ ಹಿಡಿದಳು, ಅತ್ತೆಗೆ ಭಯಕ್ಕೆ ಹೀಗಾಗಿದೆ ಎಂದುಕೊಂಡು.

ಕತ್ತರಿಸಿದವರು ಹೆಣ್ಣು ಡಾಕ್ಟರು, ಜೇವರ್ಗಿ ಕಡೆಯವರು. ಮಾತು ನನ್ನ ಹಾಗೆಯೇ ಒರಟು. ಆ ಜಾಗಕ್ಕಷ್ಟೇ ಮರಗಟ್ಟುವ ಸೂಜಿ ಚುಚ್ಚಿದರು, ನಾನು ಎಚ್ಚರವಾಗೇ ಇದ್ದೆ. ಮುಖಕ್ಕೆ ಹಸಿರು ಬಟ್ಟೆ ಮುಚ್ಚಿದ್ದರು, ಏನೂ ಕಾಣುವುದಿಲ್ಲ. ಬರೀ ಶಬ್ದ. ಬಟ್ಟೆಯ ಮೇಲೆ ಕತ್ತರಿ ಆಡಿದ ಹಾಗೆ. ನೋವಿಲ್ಲ, ಆದರೆ ಎಳೆಯುವುದು ತಿಳಿಯುತ್ತದೆ.

"ತಗದದ್ದು ನನಗ ತೋರಸ್ತೀರೇನ್ರಿ?"

"ಬಾಯಿ ಆಡಸಬ್ಯಾಡ್ರಿ ಅಮ್ಮಾ, ಹುಬ್ಬು ಕುಣಿಯಾಕತ್ತಾವ."

ತೋರಿಸಿದರು ಕೊನೆಗೆ. ಸಣ್ಣ ಡಬ್ಬಿಯಲ್ಲಿ, ನೀರಿನಂಥದ್ದರಲ್ಲಿ, ಬದನೆಕಾಯಿಯ ಸಿಪ್ಪೆಯಷ್ಟು. ಅದಕ್ಕೆ ಒಂದು ಕಡೆ ದಾರದ ಗುರುತು ಕಟ್ಟಿದ್ದರು. ಅದು ಯಾಕೆಂದು ಕೇಳಿದೆ. ಕಣ್ಣಿನ ಕಡೆ ಯಾವುದೆಂದು ಪರೀಕ್ಷೆ ಮಾಡುವವರಿಗೆ ತಿಳಿಯಬೇಕಲ್ಲ ಅಂದರು. ಸುತ್ತಲೂ ಅಂಚು ನೋಡುತ್ತಾರೆ, ಅಂಚು ಸ್ವಚ್ಛವಿದ್ದರೆ ಬೇರು ಪೂರ್ತಿ ಬಂತೆಂದು ಲೆಕ್ಕ. ಅಲ್ಲಿಯ ತನಕ ತೇಪೆ ಹಾಕುವುದಿಲ್ಲ, ಗಾಯ ಹಾಗೇ ಪಟ್ಟಿಯ ಕೆಳಗೆ ಇರುತ್ತದೆ.

ನನಗೆ ಇದು ಸರಿಯೆನ್ನಿಸಿತು. ಕೌದಿಯಲ್ಲಿಯೂ ಹರಿದ ಜಾಗದ ಸುತ್ತ ಬಟ್ಟೆ ಗಟ್ಟಿ ಇದೆಯೋ ಇಲ್ಲವೋ ಎಂದು ಎಳೆದು ನೋಡದೆ ತೇಪೆ ಹಾಕಿದರೆ ಮುಂದಿನ ಒಗೆತಕ್ಕೆ ತೇಪೆಯೂ ಹೋಗುತ್ತದೆ, ಅಂಚೂ ಹೋಗುತ್ತದೆ. ಆದರೆ ಸರಿಯೆನ್ನಿಸುವುದು ಬೇರೆ, ಹಣೆಯಲ್ಲಿ ತೂತು ಇಟ್ಟುಕೊಂಡು ಮನೆಯಲ್ಲಿ ಕಾಯುವುದು ಬೇರೆ. ಆ ದಿನಗಳು ಉದ್ದವಾದವು. ಪರೀಕ್ಷೆ ಬಂತು. ಮೂರು ಕಡೆ ಸ್ವಚ್ಛ. ಕಣ್ಣಿನ ಕಡೆ ಇಲ್ಲ.

ದಾರ ಕಟ್ಟಿದ್ದ ಕಡೆಯೇ ಅದು.

ಜೇವರ್ಗಿಯ ಡಾಕ್ಟರಮ್ಮ ಸುತ್ತುಬಳಸಲಿಲ್ಲ. "ಇನ್ನೊಮ್ಮೆ ಕೊರೀಬೇಕು. ಕಣ್ಣಿನ ಹತ್ರ ಹೋಗ್ತೇನಿ. ರೆಪ್ಪಿ ಸ್ವಲ್ಪ ಎಳದಂಗ ಆಗಬಹುದು. ಕಣ್ಣು ಉಳಸಾಕ ನೋಡ್ತೇನಿ. ಉಳೀತದ ಅಂತ ಮಾತು ಕೊಡಂಗಿಲ್ಲ."

ಹೊರಗೆ ಬೇವಿನ ಗಿಡದ ಕೆಳಗೆ ನಮ್ಮವರು ಕೂತಿದ್ದರು. ಒಳಗೆ ಬರಲು ಅವರಿಗೆ ಆಗುತ್ತಿರಲಿಲ್ಲ, ವಾಸನೆಗೆ ತಲೆ ಸುತ್ತುತ್ತದೆ ಅನ್ನುತ್ತಿದ್ದರು. ಪ್ರತಿ ಸಲ ನಾನು ಹೊರಗೆ ಬರುವಷ್ಟರಲ್ಲಿ ಬಾಳೆಹಣ್ಣು ಕೊಂಡಿರುತ್ತಿದ್ದರು, ತಿನ್ನುವವರು ಯಾರೂ ಇಲ್ಲದಿದ್ದರೂ. ಅವತ್ತು ಅವರ ಮುಂದೆ ಒಂದು ಆಡು ನಿಂತು ಸಿಪ್ಪೆ ತಿನ್ನುತ್ತಿತ್ತು. ಹೇಳಿದೆ. ಅವರು ಇನ್ನೊಂದು ಹಣ್ಣು ಸುಲಿದು, ಸಿಪ್ಪೆ ಆಡಿಗೆ ಕೊಟ್ಟು, ಹಣ್ಣು ಕೈಯಲ್ಲಿ ಹಿಡಿದೇ ಕೂತರು. ಆಮೇಲೆ ಅದನ್ನೂ ಆಡಿಗೇ ಕೊಟ್ಟರು. ಅವರ ಅಳು ಹಾಗೆ.

ಎರಡನೆಯ ಸಲ ನಾನು ಮೇಜಿನ ಮೇಲೆ ಏನೂ ಕೇಳಲಿಲ್ಲ. ಹುಬ್ಬು ಕುಣಿಯಬಾರದೆಂದು. ಹಸಿರು ಬಟ್ಟೆಯ ಕೆಳಗೆ ಎಡಗಣ್ಣು ಮುಚ್ಚಿ ಬಲಗಣ್ಣು ತೆರೆದೆ. ಬಟ್ಟೆಯ ನೂಲಿನ ನಡುವೆ ದೀಪದ ಬೆಳಕು ಸಣ್ಣ ಸಣ್ಣ ಚೌಕವಾಗಿ ಕಾಣುತ್ತಿತ್ತು. ಅಡ್ಡ ನೂಲು, ಉದ್ದ ನೂಲು. ಕತ್ತರಿಯ ಶಬ್ದ ನಿಲ್ಲುವ ತನಕ ಆ ಚೌಕಗಳನ್ನೇ ನೋಡುತ್ತಿದ್ದೆ. ಕಾಣುತ್ತಿವೆ, ಇನ್ನೂ ಕಾಣುತ್ತಿವೆ ಅಂದುಕೊಳ್ಳುತ್ತ.

ಮತ್ತೆ ಪಟ್ಟಿ, ಮತ್ತೆ ಕಾಯುವುದು. ಈ ಸಲ ಸುವರ್ಣಾ ಒಳಗೆ ಹೋಗಿ ಬಂದಳು. ಬಾಗಿಲಲ್ಲಿ ಅವಳ ಮುಖ ಕಂಡಿತು. ಮಾತಾಡುವ ಹುಡುಗಿಯಲ್ಲ ಅಂದೆನಲ್ಲ, ಚೀಲದಿಂದ ರೊಟ್ಟಿಯ ಗಂಟು ತೆಗೆದು ನನ್ನ ತೊಡೆಯ ಮೇಲಿಟ್ಟಳು. "ಉಣ್ರಿ ಅತ್ತಿ. ನಾಕೂ ಕಡಿ ಸ್ವಚ್ಛ ಅದ."

ತೇಪೆ ಹಾಕಿದ್ದು ಆಮೇಲೆ. ಬಲಗಿವಿಯ ಹಿಂದಿನ ತೊಗಲು ತೆಗೆದು, ಅಲ್ಲಿ ಹೊಲಿದು ಮುಚ್ಚಿ, ಅದನ್ನು ಹಣೆಗೆ ಕೂರಿಸಿ, ಮೇಲೆ ಹತ್ತಿಯ ಉಂಡೆಯಿಟ್ಟು ದಾರದಿಂದ ಬಿಗಿದು ಕಟ್ಟಿದರು. ಉಂಡೆ ಯಾಕೆ? ತೇಪೆಯ ಕೆಳಗೆ ಗಾಳಿ ರಕ್ತ ಸೇರದೆ ಅದು ಗಾಯದ ನೆಲಕ್ಕೆ ಹತ್ತಿ ಕೂಡಲಿ ಎಂದು. ಕಿವಿಯ ಹಿಂದಿನದೇ ಯಾಕೆ? ಮುಖದ ತೊಗಲಿಗೆ ಹತ್ತಿರದ ನೆಂಟ ಅದು, ತೆಗೆದ ಗುರುತೂ ಕಾಣುವುದಿಲ್ಲವೆಂದು. ಇಷ್ಟೆಲ್ಲ ಕೇಳಿ ತಿಳಿದುಕೊಂಡೆ. ಹೇಳುವಷ್ಟು ಸಮಾಧಾನ ಆ ಡಾಕ್ಟರಮ್ಮನಿಗೂ ಇತ್ತು. "ಮುಂದಿನ ಜನ್ಮದಾಗ ನೀವು ಡಾಕ್ಟರ್ ಆಗ್ರಿ, ನಾ ಕೌದಿ ಹೊಲೀತೇನಿ," ಅಂದರು.

ಉಂಡೆ ಬಿಚ್ಚಿದಾಗ ಕನ್ನಡಿ ಕೊಟ್ಟರು. ಬಾತಿತ್ತು, ಕೆಂಪಗಿತ್ತು, ಚೆಂದವಿರಲಿಲ್ಲ. ರೆಪ್ಪೆ ಸ್ವಲ್ಪ ಎಳೆದಿದೆ, ಅದಕ್ಕೇ ಈಗಲೂ ಮಲಗಿದಾಗ ಬಲಗಣ್ಣು ಕೂದಲೆಳೆಯಷ್ಟು ತೆರೆದಿರುತ್ತದೆ. ನಿದ್ದೆಯಲ್ಲೂ ನನ್ನನ್ನು ಕಾಯುತ್ತೀ ಎಂದು ನಮ್ಮವರು ಬೈಯುತ್ತಾರೆ. ತಿಂಗಳುಗಳು ಹೋದ ಮೇಲೆ ಕೆಂಪು ಇಳಿಯಿತು, ಉಳಿದ ಬಣ್ಣ ನನ್ನನ್ನು ಬೆರಗುಗೊಳಿಸಿತು. ಗೋಧಿಯ ಬಣ್ಣ. ಸುತ್ತ ಮುತ್ತ ನನ್ನ ಮುಖ ಸುಟ್ಟ ಹೆಂಚಿನ ಹಾಗೆ, ನಡುವೆ ಇದು. ಕಿವಿಯ ಹಿಂದೆ ಬಿಸಿಲು ಕಾಣದೆ ಕೂತಿದ್ದ ತೊಗಲು. ನಾನು ಹುಟ್ಟಿದಾಗ ಪೂರ್ತಿ ಈ ಬಣ್ಣದವಳಾಗಿದ್ದೆನೇ? ಕರಿಯವಳು ಎಂದು ಅತ್ತೆ ಅಂದದ್ದು ಯಾರಿಗೆ, ನನಗೋ ಬಿಸಿಲಿಗೋ? ಮುಟ್ಟಿದರೆ ಅಲ್ಲಿ ಏನೂ ತಿಳಿಯುವುದಿಲ್ಲ. ಬೆರಳಿಗೆ ಅದು ಗೊತ್ತು, ಅದಕ್ಕೆ ಬೆರಳು ಗೊತ್ತಿಲ್ಲ.

ಗಾಯ ಪೂರ್ತಿ ಮಾಯುವ ತನಕ ವಿಭೂತಿ ಬೇಡ ಅಂದಿದ್ದರು. ಕಮಲಾ ಎದೆಯ ಮೇಲೆ ಕೈಯಿಟ್ಟಳು.

"ಈಬತ್ತಿ ಇಲ್ಲದ ಪೂಜಿ ಹ್ಯಾಂಗ ಮಾಡ್ತಿ ಅಕ್ಕಾ?"

"ಹಣಿ ಒಂದೇ ಏನು ಮೈಯಾಗ? ಕೊರಳಿಗಿ ಹಚ್ಚತೇನಿ, ತೋಳಿಗಿ ಹಚ್ಚತೇನಿ. ಲಿಂಗ ನನ್ನ ಅಂಗೈಯಾಗ ಅದ, ಅದಕ್ಕ ಎಲ್ಲಾ ಕಾಣಸ್ತದ."

ಈಗ ಹಣೆಗೆ ಹಚ್ಚುತ್ತೇನೆ. ಆದರೆ ಹಚ್ಚುವ ಮೊದಲು ಕನ್ನಡಿ ನೋಡುತ್ತೇನೆ. ಅಮಾವಾಸ್ಯೆಗೊಮ್ಮೆ ಮನೆಯವರೆಲ್ಲ ಮುಖ ತೊಳೆದು, ಏನೂ ಹಚ್ಚದೆ, ಅಂಗಳದ ಬೆಳಕಿಗೆ ಬಂದು ನನ್ನ ಮುಂದೆ ನಿಲ್ಲಬೇಕು. ಕಿವಿ, ಮೂಗು, ಕತ್ತಿನ ಹಿಂದೆ, ತುಟಿ. ಮಾಯದ ಹುಣ್ಣು, ಬೆಳೆಯುವ ಮಚ್ಚೆ, ಸುಮ್ಮಸುಮ್ಮನೆ ರಕ್ತ ಬರುವುದು ಕಂಡರೆ ತೋರಿಸಿಕೊಂಡು ಬರಬೇಕು. ನನ್ನದೂ ತಿರುಗಿ ಬರಬಹುದಂತೆ, ಅದಕ್ಕೇ ಕರೆದಾಗಲೆಲ್ಲ ಹೋಗುತ್ತೇನೆ. ಬಿಸಿಲಿಗೆ ಹಚ್ಚುವ ಮುಲಾಮು ಒಂದು ಬರೆದುಕೊಟ್ಟಿದ್ದಾರೆ. "ಈ ವಯಸ್ಸಿನ್ಯಾಗ ಸ್ನೋ ಹಚ್ಚಕೊಂಡು ಯಾರಿಗಿ ತೋರಸ್ತಿ?" ಎಂದು ನಮ್ಮವರು ಹಾಸ್ಯ ಮಾಡಿದರು. ಆ ಟ್ಯೂಬು ನಾನು ಎಣಿಸಿದ್ದಕ್ಕಿಂತ ಬೇಗ ಖಾಲಿಯಾಯಿತು. ಒಂದು ದಿನ ನೋಡಿದರೆ ಅವರ ರುಮಾಲಿನ ಕೆಳಗೆ ಎರಡೂ ಕಿವಿ ಬೆಳ್ಳಗಿದ್ದವು.

ಹೋದ ಹಂಗಾಮಿನಲ್ಲಿ ತೊಗರಿಯ ಕಸ ತೆಗೆಯಲು ಹೆಂಗಸರು ಹೋಗಿದ್ದೆವು. ಮುದುಕಿ ನೀನು ಮನೆಯಲ್ಲಿರು ಅಂದರೂ ನಾನು ಬಿಡಲಿಲ್ಲ. ಬೆಳಿಗ್ಗೆ ಬೇಗ ಹೋಗುವುದು, ಬಿಸಿಲೇರಿದರೆ ಗಿಡದ ಕೆಳಗೆ ಕೂಡುವುದು ಎಂದು ಒಪ್ಪಿಸಿದ್ದೆ. ಹೊಲ ಮುಟ್ಟಿದ ಕೂಡಲೆ ರೂಢಿಯಂತೆ ಎಲ್ಲರೂ ಸೆರಗು ಕೆಳಗಿಳಿಸಿ ಸೊಂಟಕ್ಕೆ ಸಿಗಿಸಿದರು. ನಾನು ಸೆರಗು ಮುಂದಕ್ಕೆಳೆದು, ಹುಬ್ಬು ದಾಟಿಸಿ, ಗದ್ದದ ಕೆಳಗೆ ಗಂಟು ಹಾಕಿದೆ.

ಕಮಲಾ ಗಾಬರಿಯಾಗಿ ಬದುವಿನ ಕಡೆ ನೋಡಿದಳು. ಅವಳ ಕೈ ತನ್ನ ಸೆರಗಿಗೆ ಹೋಯಿತು. "ಯಾರ ಬಂದಾರ ಅಕ್ಕಾ? ಯಾವ ಹಿರೇರು?"

ನಾನು ಕಸ ತೆಗೆಯುವ ಕುರ್ಚಿಗೆಯ ತುದಿಯಿಂದ ಮೇಲೆ ತೋರಿಸಿದೆ. "ಅಲ್ಲಿ ನೋಡು. ಎಲ್ಲಾರಿಗಿಂತ ಹಿರ್ಯಾ. ದಿನಾ ಬರ್ತಾನ, ನಾವೇ ಮರ್ಯಾದಿ ಕೊಟ್ಟಿಲ್ಲ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳು ಮಾವ ಬಂದಾಗ ಕೆಮ್ಮುತ್ತಿದ್ದ ಹಾಗೆಯೇ ಕೆಮ್ಮಿದಳು. ನಗುತ್ತಲೇ ಕೆಲವರ ಸೆರಗು ಮೇಲೇರಿತು, ಕೆಲವರದು ಏರಲಿಲ್ಲ. ಕಮಲಾ ಸೊಂಟದ ಸೆರಗು ಹಾಗೇ ಬಿಟ್ಟು ಸಾಲು ಹಿಡಿದಳು.

ಬಿಸಿಲೇರಿತು. ಬನ್ನಿಗಿಡದ ಕೆಳಗೆ ಕೂತು ನೀರು ಕುಡಿಯುವಾಗ ಕಮಲಾ ಬಾಜೂ ಬಂದಳು. ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಅಕ್ಕಾ, ನನ್ನದೊಂದು ನೋಡತೀಯೇನು?" ಅಂದಳು. ಬೊಗಸೆ ಚಾಚಿದಳು, ನಾನು ಕೊಡದಿಂದ ನೀರು ಸುರಿದೆ. ಅವಳು ಹಣೆ ತಿಕ್ಕಿ ತಿಕ್ಕಿ ತೊಳೆದಳು. ಬಿಳಿಯ ನೀರು ಮೂಗಿನ ಮೇಲಿಂದ ಇಳಿಯಿತು. ಸೆರಗಿನಿಂದ ಒರಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ನನ್ನ ಮುಂದೆ ಎತ್ತಿದಳು. ಒಂದೇ ಗೋಡೆಯ ಎರಡು ಬದಿಗೆ ಮುದುಕಿಯರಾದೆವು, ಅವಳ ಬರಿಹಣೆ ನಾನು ಅವತ್ತೇ ಮೊದಲು ನೋಡಿದ್ದು.

ಗದ್ದ ಹಿಡಿದು ಬೆಳಕಿಗೆ ತಿರುಗಿಸಿದೆ. ಎಡಗಣ್ಣು ಮುಚ್ಚಿ, ಆ ಬಲಗಣ್ಣಿನಿಂದಲೇ ನೋಡಿದೆ. ಈ ಹುಬ್ಬಿನಿಂದ ಆ ಹುಬ್ಬಿಗೆ. ಕೂದಲ ಬುಡ. ಕೆನ್ನೆ. 

"ಏನದ?"

"ಅದ."

"ಏನದ ಅಕ್ಕಾ? ಲಗೂನ ಹೇಳು!"

"ನಿರಗಿ ಅದಾವ. ಮುದುಕಿ ಆಗೀದಿ ಕಮಲಾ, ಅಷ್ಟ."

ಕಣ್ಣು ತೆರೆದು ನನ್ನ ಬೆನ್ನಿಗೊಂದು ಗುದ್ದಿದಳು. ಆಮೇಲೆ ಸೊಂಟದಿಂದ ಸೆರಗು ಕಿತ್ತು ತಲೆಗೆ ಹೊದ್ದು, ಹುಬ್ಬಿನ ತನಕ ಎಳೆದುಕೊಂಡಳು.